ಹೊಗೆಗೂ ಒಂದು ಕಾಟಾ ಬೇಕು

ಕಬ್ಬು ಬೆಳೆದ ಒಕ್ಕಲಿಗನಿಗೆ ಕಾಟಾ ಎಂದರೇನೆಂದು ಯಾರೂ ಕಲಿಸಿಕೊಡಬೇಕಾಗಿಲ್ಲ. ವರ್ಷವಿಡೀ ನೀರು ಹಾಯಿಸಿ, ಗೊಬ್ಬರ ಹಾಕಿ ಬೆಳೆಸಿದ ಕಬ್ಬು ಗಾಡಿಯೇರಿ ಕಾರಖಾನೆಯ ಕಾಟಾದ ಮೇಲೆ ನಿಂತಾಗ ಅವನ ಜೀವವೆಲ್ಲ ಆ ಒಂದು ಅಂಕಿಯ ಮೇಲೆ ಇರುತ್ತದೆ. ಕಾಟಾ ಕಾರಖಾನೆಯದು, ಅಂಕಿ ಬರೆದುಕೊಳ್ಳುವ ಕಾರಕೂನ ಕಾರಖಾನೆಯವನು, ಹಣ ಕೊಡುವದೂ ಕಾರಖಾನೆಯೇ. ಆದುದರಿಂದಲೇ ಹೊರಗಿನ ಕಾಟಾದ ಮೇಲೆ ಒಮ್ಮೆ ತೂಗಿಸಿಕೊಂಡು ಬರಲು ಅವಕಾಶವಿರಬೇಕೆಂದು ರೈತರು ಕೇಳುತ್ತ ಬಂದಿದ್ದಾರೆ. ಹೀಗೆ ಕೇಳುವದೆಂದರೆ ಯಾರನ್ನೂ ಕಳ್ಳನೆಂದು ಕರೆದಂತಲ್ಲ. ಎರಡು ಕಾಟಾಗಳು ಒಂದೇ ಅಂಕಿ ತೋರಿಸಿದರೆ ಕೊಡುವವನಿಗೂ ಸಮಾಧಾನ, ತಕ್ಕೊಳ್ಳುವವನಿಗೂ ಸಮಾಧಾನ.

ಅದೇ ಕಾರಖಾನೆಯ ಚಿಮಣಿಯಿಂದ ಹಗಲು ರಾತ್ರಿ ಹೊರಡುವ ಹೊಗೆಗೂ ಒಂದು ತೂಕವಿದೆ. ಆ ಹೊಗೆಯಲ್ಲಿ ಎಷ್ಟು ಬೂದಿ, ಎಷ್ಟು ಮಸಿ ಇರಬಹುದೆಂದು ಕಾಯದೆ ಗೊತ್ತುಪಡಿಸಿದೆ. ಅದನ್ನು ದಿನದಿನವೂ ಅಳೆಯುವವರು ಯಾರು? ಬಹುಮಟ್ಟಿಗೆ ಕಾರಖಾನೆಯವರೇ. ತಮ್ಮ ಹೊಗೆಯನ್ನು ತಾವೇ ಅಳೆದು, ತಾವೇ ಬರೆದು, ಸರಕಾರಕ್ಕೆ ತಾವೇ ಕಳಿಸಿಕೊಡುವ ಪದ್ಧತಿ ಇಂದು ನಡೆದಿದೆ. ಈ ಪದ್ಧತಿ ಸರಿಯೇ, ತಪ್ಪೇ? ಅದರ ಅಂಕಿಯನ್ನು ನಾವು ಯಾವಾಗ ನಂಬಬೇಕು? ಗಡಿಯಾಚೆಯ ನಮ್ಮ ಕನ್ನಡ ಹಳ್ಳಿಗಳ ರೈತರು ಈ ವಿಷಯದಲ್ಲಿ ಏನು ಮಾಡಬಹುದು? ಇದನ್ನು ಈ ವಾರ ಸ್ವಲ್ಪ ವಿವರವಾಗಿ ನೋಡೋಣ.

ಮಾಧವನಗರದ ಸುತ್ತಲಿನ ಗಾಳಿ

ಮಾಧವನಗರ ಮಿರಜ ತಾಲೂಕಿನ ಊರು. ಪುಣೆಯಿಂದ ಮಿರಜಿಗೆ ಬರುವ ರೇಲ್ವೆ ಹಾದಿಯಲ್ಲಿ ಸಾಂಗಲಿಗಿಂತ ಮೊದಲು ಸಿಗುವ ನಿಲ್ದಾಣ. ಒಂದು ಕಾಲಕ್ಕೆ ಹತ್ತಿಯ ಗಿರಣಿಯಿಂದ ಹೆಸರಾಗಿದ್ದ ಈ ಊರಿಗೆ ಒಂದು ಮಗ್ಗುಲಲ್ಲಿ ಸಾಂಗಲಿ ಪಟ್ಟಣ, ಇನ್ನೊಂದು ಮಗ್ಗುಲಲ್ಲಿ ಕುಪವಾಡದ ಔದ್ಯೋಗಿಕ ವಸಾಹತು. ಸುತ್ತಲೂ ಕಬ್ಬಿನ ಸೀಮೆ. ವಸಂತದಾದಾ ಪಾಟೀಲರು ಮುಂದೆ ನಿಂತು ಸಾಂಗಲಿಯಲ್ಲಿ ಸಹಕಾರಿ ಸಕ್ಕರೆ ಕಾರಖಾನೆ ಕಟ್ಟಿಸಿದಂದಿನಿಂದ ಈ ಭಾಗದ ಒಕ್ಕಲುತನವೂ ಸಕ್ಕರೆಯ ಉದ್ಯೋಗವೂ ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳಂತಾಗಿವೆ.

ಆದರೆ ಇಲ್ಲಿ ಕಬ್ಬೊಂದೇ ಬೆಳೆಯಲ್ಲ. ತಾಸಗಾವದ ಕಡೆಗೆ ದ್ರಾಕ್ಷಿ ಇದೆ, ಸಾಂಗಲಿಯ ಪೇಟೆಗೆ ಬರುವ ಅರಿಷಿಣವಿದೆ. ಸಾಂಗಲಿಯ ಅರಿಷಿಣಕ್ಕೂ ಒಣದ್ರಾಕ್ಷಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಈಗ ತಿಂಗಳುಗಳನ್ನು ಲೆಕ್ಕ ಹಾಕಿ ನೋಡಿರಿ. ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಸುಮಾರಿಗೆ ಆರಂಭವಾಗಿ ಶಿವರಾತ್ರಿ, ಹೋಳಿ ಹುಣ್ಣಿವೆಯವರೆಗೆ ಎಳೆಯುತ್ತದೆ. ಅರಿಷಿಣ ಅಗೆದು, ಕುದಿಸಿ, ಕಣದಲ್ಲಿ ಹರವಿ ಒಣಗಿಸುವದು ಅದೇ ಸಮಯದಲ್ಲಿ. ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ ಬಯಲಿನ ಶೆಡ್ಡುಗಳ ಜಾಳಿಗೆಯ ಮೇಲೆ ಒಣಗಲು ಹಾಕುವದೂ ಹಂಗಾಮಿನ ಕೊನೆಯ ಭಾಗದಲ್ಲಿಯೇ. ಚಿಮಣಿಯ ಮಸಿ ಗಾಳಿಗೆ ಹಾರಿ ಬಂದು ಅಂಟು ಅಂಟಾದ ದ್ರಾಕ್ಷಿಯ ಮೇಲೆ ಕುಳಿತರೆ ತೊಳೆದರೂ ಸುಲಭವಾಗಿ ಹೋಗದು. ಬಣ್ಣ ಕೆಟ್ಟ ಮಾಲಿಗೆ ಪೇಟೆಯಲ್ಲಿ ದರ ಬೀಳುತ್ತದೆ. ಎಲೆಗಳ ಮೇಲೆ ಬೂದಿಯ ಪದರು ಕುಳಿತರೆ ಬೆಳಕು ಕಡಿಮೆಯಾಗಿ, ಎಲೆ ಉಸಿರಾಡುವ ರಂಧ್ರಗಳು ಕಟ್ಟಿ ಬೆಳೆ ಸೊರಗುತ್ತದೆ. ಮನುಷ್ಯರ ಎದೆಗೆ ಆಗುವ ಬಾಧೆ ಬೇರೆ.

ಕೇಂದ್ರ ಸರಕಾರ 2019 ರ ಜನೆವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಯೋಜನೆಯನ್ನು ಆರಂಭಿಸಿತು. ಐದು ವರ್ಷಗಳ ಕಾಲ ಗಾಳಿಯ ಧೂಳು ಮಿತಿಗಿಂತ ಹೆಚ್ಚಾಗಿಯೇ ಇದ್ದ ಪಟ್ಟಣಗಳನ್ನು ಆರಿಸಿ ಮಾಡಿದ ಪಟ್ಟಿ ಅದರಲ್ಲಿದೆ. ಆ ಪಟ್ಟಿಯಲ್ಲಿ ಸಾಂಗಲಿ ಇದೆ, ಕೊಲ್ಹಾಪುರವಿದೆ, ಸೊಲ್ಲಾಪುರವೂ ಇದೆ. ಗಡಿಯಾಚೆಯ ಕನ್ನಡಿಗರು ಪೇಟೆಗೆಂದು, ದವಾಖಾನೆಗೆಂದು, ಕಾಲೇಜಿಗೆಂದು ಹೋಗುವ ಪಟ್ಟಣಗಳು ಇವೇ. 2009 ರಲ್ಲಿ ಗೊತ್ತುಪಡಿಸಿದ ಮಿತಿಯಂತೆ ಕೂದಲೆಳೆಗಿಂತಲೂ ಎಷ್ಟೋ ಸಣ್ಣದಾದ ಈ ಧೂಳು ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರು ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದು. ಈ ಧೂಳೆಲ್ಲ ಕಾರಖಾನೆಯದೇ ಎಂದು ಹೇಳುವದು ನ್ಯಾಯವಲ್ಲ. ರಸ್ತೆಯ ಧೂಳು, ಮೋಟಾರುಗಳ ಹೊಗೆ, ಮನೆ ಕಟ್ಟುವ ಕೆಲಸ, ಕಸ ಸುಡುವದು ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಯಾರ ಪಾಲು ಎಷ್ಟೆಂದು ತಿಳಿಯಬೇಕಾದರೂ ಮೊದಲು ಪ್ರತಿಯೊಬ್ಬರ ಅಳತೆ ಸರಿಯಾಗಿರಬೇಕು.

ಕಾಯದೆ ಹೇಳುವದೇನು?

ಗಾಳಿ ಕೆಡದಂತೆ ತಡೆಯುವ ಕಾಯದೆ ನಮ್ಮ ದೇಶದಲ್ಲಿ ಆದದ್ದು 1981 ರಲ್ಲಿ. ಈ ಕಾಯದೆಯನ್ನು ನಡೆಸುವ ಹೊಣೆ ಆಯಾ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯದು. ಮಹಾರಾಷ್ಟ್ರದ ಮಂಡಳಿ 1970 ರಷ್ಟು ಹಿಂದೆಯೇ ಸ್ಥಾಪನೆಯಾದದ್ದು. ಮರಾಠಿಯಲ್ಲಿ ಅದನ್ನು ಪ್ರದೂಷಣ ನಿಯಂತ್ರಣ ಮಂಡಳ ಎನ್ನುತ್ತಾರೆ. ಅದರ ವಿಭಾಗೀಯ ಕಚೇರಿ ಕೊಲ್ಹಾಪುರದಲ್ಲಿಯೂ ಉಪವಿಭಾಗದ ಕಚೇರಿ ಸಾಂಗಲಿಯಲ್ಲಿಯೂ ಇವೆ. ಮಂಡಳಿಯ ಸಮ್ಮತಿಪತ್ರವಿಲ್ಲದೆ ಕಾರಖಾನೆ ನಡೆಯುವಂತಿಲ್ಲ. ಚಿಮಣಿ ಎಷ್ಟು ಎತ್ತರವಿರಬೇಕು, ಹೊಗೆಯನ್ನು ಶೋಧಿಸಲು ಯಾವ ಯಂತ್ರವಿರಬೇಕು, ಹೊಗೆಯಲ್ಲಿ ಬೂದಿ ಎಷ್ಟರೊಳಗಿರಬೇಕು ಎಂಬ ಷರತ್ತುಗಳೆಲ್ಲ ಆ ಪತ್ರದಲ್ಲಿರುತ್ತವೆ.

ಸಕ್ಕರೆ ಕಾರಖಾನೆಗಳ ವಿಷಯದಲ್ಲಿ ಒಂದು ಇತಿಹಾಸವಿದೆ. 2003 ರ ಮಾರ್ಚಿನಲ್ಲಿ ದೇಶದ 17 ಬಗೆಯ ದೊಡ್ಡ ಉದ್ಯೋಗಗಳವರೂ ಸರಕಾರದವರೂ ಕೂಡಿ ಒಂದು ಸನ್ನದು ಮಾಡಿಕೊಂಡರು. ಸಕ್ಕರೆಯವರು ಅದರಲ್ಲಿ ತಮ್ಮ ಬಾಯ್ಲರುಗಳ ಹೊಗೆಗೆ ಒಳ್ಳೆಯ ಶೋಧಕಗಳನ್ನು ಕೂಡಿಸಿ, ಒಂದು ಘನ ಮೀಟರು ಹೊಗೆಯಲ್ಲಿ ಬೂದಿ 150 ಮಿಲಿಗ್ರಾಂ ಒಳಗೆ ಇರುವಂತೆ ಮಾಡುವ ಮಾತು ಕೊಟ್ಟರು. ಅದು ಬರಿಯ ಮಾತಾಗಿತ್ತು. ಆ ಅಂಕಿಯೇ ಸಕ್ಕರೆ ಉದ್ಯೋಗಕ್ಕೆಲ್ಲ ನಿಯಮವಾಗಿ ಪ್ರಕಟವಾದದ್ದು 2016 ರ ಜನೆವರಿಯಲ್ಲಿ. ಮಾತಿಗೂ ನಿಯಮಕ್ಕೂ ನಡುವೆ ಹದಿಮೂರು ಹಂಗಾಮುಗಳು ಕಳೆದಿದ್ದವು.

150 ಮಿಲಿಗ್ರಾಂ ಎಂದರೆ ಕೇಳಲಿಕ್ಕೆ ಬಹಳ ಸಣ್ಣದು. ಒಂದು ಗ್ರಾಮಿನ ಆರನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಬಾಯ್ಲರು ಉಗುಳುವ ಹೊಗೆ ಅಗಾಧ. ಲೆಕ್ಕದ ಅನುಕೂಲಕ್ಕೆಂದು ಒಂದು ಚಿಮಣಿಯಿಂದ ತಾಸಿಗೆ ಒಂದು ಲಕ್ಷ ಘನ ಮೀಟರು ಹೊಗೆ ಹೊರಡುತ್ತದೆಂದು ಹಿಡಿಯೋಣ. ನಿಯಮದ ಮಿತಿಯಲ್ಲಿಯೇ ಇದ್ದರೂ ತಾಸಿಗೆ 15 ಕಿಲೋ, ದಿನಕ್ಕೆ 360 ಕಿಲೋ ಬೂದಿ ಮೇಲಕ್ಕೆ ಹೋಯಿತು. 120 ದಿನಗಳ ಹಂಗಾಮಿಗೆ 43 ಟನ್ನು ದಾಟಿತು. ಮಿತಿಯ ಎರಡು ಪಟ್ಟು ಹೊಗೆ ಬಿಟ್ಟರೆ 86 ಟನ್ನು. ಆದುದರಿಂದ 150 ಎಂಬ ಅಂಕಿ ಕಾಗದದ ಮೇಲಿದೆಯೋ ಚಿಮಣಿಯಲ್ಲಿ ಇದೆಯೋ ಎಂಬುವದು ಸಣ್ಣ ಪ್ರಶ್ನೆಯಲ್ಲ. ಸುತ್ತಲಿನ ಹೊಲಗಳ ಮೇಲೆ ಎಷ್ಟು ಗಾಡಿ ಬೂದಿ ಬೀಳಬೇಕೆಂಬ ಪ್ರಶ್ನೆ ಅದು.

ಹೊಗೆಯನ್ನು ಅಳೆಯುವ ಬಗೆ

ಹೊಗೆಯನ್ನು ಅಳೆಯಲು ಎರಡು ದಾರಿಗಳಿವೆ. ಮೊದಲನೆಯದು ಕೈಯಿಂದ ಅಳೆಯುವದು. ಚಿಮಣಿಯ ಅರ್ಧದಲ್ಲಿ ಒಂದು ರಂಧ್ರವನ್ನೂ ನಿಲ್ಲಲು ಕಟ್ಟೆಯನ್ನೂ ಏರಲು ನಿಚ್ಚಣಿಕೆಯನ್ನೂ ಮಾಡಿರುತ್ತಾರೆ. ಅಲ್ಲಿಂದ ಕೊಳವೆ ತೂರಿಸಿ, ಒಳಗೆ ಹೊಗೆ ಹರಿಯುವ ವೇಗದಲ್ಲಿಯೇ ಸ್ವಲ್ಪ ಹೊಗೆಯನ್ನು ಎಳೆದು, ಬೆರಳಿಗೆ ಹಾಕುವ ಟೊಪ್ಪಿಗೆಯಂಥ ಒಂದು ಶೋಧಕದಲ್ಲಿ ಹಾಯಿಸುತ್ತಾರೆ. ಮೊದಲು ತೂಗಿದ ಶೋಧಕವನ್ನು ಆಮೇಲೆ ಮತ್ತೆ ತೂಗಿದರೆ ಬೂದಿ ಎಷ್ಟೆಂದು ತಿಳಿಯುತ್ತದೆ. ಈ ಕೆಲಸಕ್ಕೆ ಮಾನ್ಯತೆ ಪಡೆದ ಪ್ರಯೋಗಶಾಲೆಗಳಿವೆ. ಸಾಮಾನ್ಯವಾಗಿ ಕಾರಖಾನೆಯವರೇ ಅವರನ್ನು ಕರೆಸಿ, ಹಣ ಕೊಟ್ಟು, ವರದಿಯನ್ನು ಮಂಡಳಿಗೆ ಸಲ್ಲಿಸುತ್ತಾರೆ.

ಎರಡನೆಯದು ಯಂತ್ರವೇ ಸದಾಕಾಲ ಅಳೆಯುವದು. ಚಿಮಣಿಯ ಒಂದು ಗೋಡೆಯಿಂದ ಹೊಗೆಯೊಳಕ್ಕೆ ಬೆಳಕಿನ ಕಿರಣ ಬಿಟ್ಟು, ಅದು ಎಷ್ಟು ಮಂದವಾಯಿತು ಅಥವಾ ಎಷ್ಟು ಚದುರಿತು ಎಂಬುದರ ಮೇಲಿಂದ ಬೂದಿಯ ಪ್ರಮಾಣವನ್ನು ಯಂತ್ರ ಲೆಕ್ಕ ಹಾಕುತ್ತದೆ. 2014 ರ ಫೆಬ್ರುವರಿ 5 ರಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 17 ಬಗೆಯ ಉದ್ಯೋಗಗಳು ಇಂಥ ಯಂತ್ರಗಳನ್ನು ಕೂಡಿಸಿಕೊಳ್ಳಲೇಬೇಕೆಂದು ಆಜ್ಞೆ ಮಾಡಿತು. ಸಕ್ಕರೆ ಕಾರಖಾನೆ ಮತ್ತು ಸಾರಾಯಿ ಭಟ್ಟಿಗಳು ಅದರಲ್ಲಿ ಸೇರಿವೆ. ಯಂತ್ರದ ಅಂಕಿಗಳು ತಂತಿಯ ಮೂಲಕ ಮಂಡಳಿಯ ಗಣಕಯಂತ್ರಗಳಿಗೆ ತಾನೇ ತಾನಾಗಿ ಹೋಗಬೇಕು. 2017 ರ ಫೆಬ್ರುವರಿ 22 ರಂದು ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಇಂಥ ಅಂಕಿಗಳನ್ನು ರಾಜ್ಯದ ಮಂಡಳಿಗಳು ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ತಮ್ಮ ಜಾಲತಾಣದಲ್ಲಿ ತೋರಿಸಬೇಕೆಂದು ಹೇಳಿತು.

ಈ ಪದ್ಧತಿಯಲ್ಲಿ ಒಳ್ಳೆಯದು ಬಹಳ ಇದೆ. ಮಂಡಳಿಯ ಅಧಿಕಾರಿ ವರ್ಷದಲ್ಲಿ ಕೆಲವು ಸಲ ಮಾತ್ರ ಬರಬಲ್ಲ; ಚಿಮಣಿ ದಿನದ 24 ತಾಸೂ ಹೊಗೆ ಬಿಡುತ್ತದೆ. ಮನೆಯವನಿಗಿಂತ ಮನೆಯ ಸ್ಥಿತಿ ಇನ್ನಾರಿಗೆ ಗೊತ್ತು? ತನ್ನ ಹೊಗೆಯನ್ನು ತಾನು ಅಳೆದುಕೊಂಡ ಕಾರಖಾನೆಗೆ ತನ್ನ ದೋಷ ಕೂಡಲೆ ತಿಳಿಯುತ್ತದೆ, ಕೂಡಲೆ ತಿದ್ದಿಕೊಳ್ಳಲು ಬರುತ್ತದೆ. ಕರಿಯ ಹೊಗೆ ಎಂದರೆ ಪೂರ್ತಿ ಸುಡದೆ ಹೋದ ಕಬ್ಬಿನ ಸಿಪ್ಪೆ. ಆ ಸಿಪ್ಪೆಯಿಂದಲೇ ಇಂದು ಅನೇಕ ಕಾರಖಾನೆಗಳು ವಿದ್ಯುತ್ತು ಮಾಡಿ ಮಾರುತ್ತವೆ. ಅಂದಮೇಲೆ ಕರಿಯ ಹೊಗೆ ಕಾರಖಾನೆಯ ಕಿಸೆಗೂ ನಷ್ಟವೇ. ಪ್ರಾಮಾಣಿಕವಾಗಿ ಅಳೆಯುವ ಕಾರಖಾನೆಗೆ ಲಾಭವಿದೆ. ಆ ಕಾರಖಾನೆಯನ್ನು ನಾವು ಹೊಗಳಲೇಬೇಕು.

ಅಂಕಿ ಎಲ್ಲಿ ಜಾರುತ್ತದೆ?

ಆದರೆ ಅಂಕಿ ಜಾರುವ ಜಾಗಗಳೂ ಇವೆ. ಹಾಲು ಅಳೆಯುವವರಿಗೆ ಇದು ಬೇಗ ತಿಳಿಯುತ್ತದೆ. ಹಾಲಿಗೆ ನೀರು ಬೆರೆಸಿದರೆ ಸೇರಿನ ಲೆಕ್ಕ ಕೆಡುವದಿಲ್ಲ, ಕಸು ಕೆಡುತ್ತದೆ. ಹೊಗೆಗೆ ಹೊರಗಿನ ಗಾಳಿ ಬೆರೆತರೆ ಒಂದು ಘನ ಮೀಟರಿನಲ್ಲಿ ಬೂದಿ ಕಡಿಮೆ ಕಾಣುತ್ತದೆ. ಒಟ್ಟು ಬೂದಿ ಮಾತ್ರ ಅಷ್ಟೇ ಇರುತ್ತದೆ. ಇದಕ್ಕಾಗಿಯೇ ಸಿಪ್ಪೆ ಸುಡುವ ಕೆಲವು ಬಾಯ್ಲರುಗಳ ಹಳೆಯ ನಿಯಮಗಳಲ್ಲಿ ಹೊಗೆಯಲ್ಲಿರುವ ಇಂಗಾಲದ ಡಯಾಕ್ಸೈಡನ್ನು ಶೇಕಡಾ 12 ಕ್ಕೆ ಹೊಂದಿಸಿ ಲೆಕ್ಕ ಹಾಕಬೇಕೆಂದು ಇಟ್ಟಿದ್ದರು. ಅದು ಹಾಲಿಗೆ ಲ್ಯಾಕ್ಟೋಮೀಟರು ಇದ್ದಂತೆ.

ಎರಡನೆಯದು, ಅಳೆಯುವ ಸಮಯ. ಬಾಯ್ಲರು ಅರ್ಧ ಭಾರದಲ್ಲಿ ನಡೆದಾಗ, ಒಣ ಸಿಪ್ಪೆ ಹಾಕಿದಾಗ ಅಳೆದರೆ ಅಂಕಿ ಚೆಂದ ಬರುತ್ತದೆ. ಹಸಿ ಸಿಪ್ಪೆ ಹಾಕಿ ಹೊಸದಾಗಿ ಹೊತ್ತಿಸಿದಾಗ, ಒಳಗಿನ ನಳಿಗೆಗಳಿಗೆ ಅಂಟಿದ ಮಸಿಯನ್ನು ಉಗಿಯಿಂದ ಊದಿ ತೆಗೆಯುವಾಗ ಹೊಗೆ ಕರ್ರಗಾಗುತ್ತದೆ. ರಾತ್ರಿ ಒಮ್ಮೊಮ್ಮೆ ಚಿಮಣಿ ಇದ್ದಕ್ಕಿದ್ದಂತೆ ಕರಿಯ ಹೊಗೆ ಕಾರುವದನ್ನು ಕಾಣುವವರು ಹಲವು ಸಲ ಈ ಊದುವಿಕೆಯನ್ನೇ ಕಂಡಿರುತ್ತಾರೆ. ಮೂರನೆಯದು, ಯಂತ್ರದ ಹೊಂದಾಣಿಕೆ. ಬೆಳಕಿನ ಯಂತ್ರ ಬೂದಿಯನ್ನು ನೇರವಾಗಿ ತೂಗುವದಿಲ್ಲ. ಕೈಯಿಂದ ಅಳೆದ ಅಂಕಿಗೆ ಅದನ್ನು ಹೊಂದಿಸಿಕೊಳ್ಳುತ್ತಿರಬೇಕು. ಕಿರಾಣಿ ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಬೇಕಾದಂತೆ ಇದಕ್ಕೂ ಪರೀಕ್ಷೆ ಬೇಕು. ಪರೀಕ್ಷೆಯಿಲ್ಲದ ಯಂತ್ರ ಎಷ್ಟು ಬೆಲೆಯದಾದರೂ ಅದರ ಅಂಕಿಗೆ ಬೆಲೆಯಿಲ್ಲ.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು: ಅಳೆಯುವವನ ಪಗಾರ ಯಾರ ಕೈಯಲ್ಲಿದೆ? ಇದಕ್ಕೆ ಗುಜರಾತದಲ್ಲಿ ನಡೆದ ಒಂದು ಪ್ರಯೋಗವೇ ಉತ್ತರ ಕೊಡುತ್ತದೆ.

ಗುಜರಾತದ ಪಾಠ

ಗುಜರಾತದಲ್ಲಿ 1996 ರಲ್ಲಿ ಅಲ್ಲಿಯ ಹೈಕೋರ್ಟಿನ ಆದೇಶದಂತೆ ಕಾರಖಾನೆಗಳ ಮಾಲಿನ್ಯವನ್ನು ಹೊರಗಿನ ಲೆಕ್ಕತನಿಖೆಯವರಿಂದ ಪರೀಕ್ಷಿಸುವ ಪದ್ಧತಿ ಬಂದಿತು. ಕಾರಖಾನೆ ತನಗೆ ಬೇಕಾದ ತನಿಖೆಗಾರನನ್ನು ತಾನೇ ಆರಿಸಿ ಹಣ ಕೊಡಬೇಕು. ಅವನು ಅಳೆದು ಬರೆದುಕೊಟ್ಟ ವರದಿ ಮಂಡಳಿಗೆ ಹೋಗಬೇಕು. ಕೇಳಲಿಕ್ಕೆ ಒಳ್ಳೆಯ ವ್ಯವಸ್ಥೆಯೇ. ಎಸ್ತರ್ ಡುಫ್ಲೋ, ಮೈಕೇಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯನ್ ಎಂಬ ಅರ್ಥಶಾಸ್ತ್ರಜ್ಞರು ಗುಜರಾತದ ಮಂಡಳಿಯೊಡನೆ ಕೂಡಿ 2009 ರಿಂದ ಎರಡು ವರ್ಷ ಅಹಮದಾಬಾದ ಮತ್ತು ಸೂರತ ಭಾಗದ 473 ಕಾರಖಾನೆಗಳಲ್ಲಿ ಇದನ್ನು ಪರೀಕ್ಷಿಸಿದರು. ಅವರ ವರದಿ 2013 ರಲ್ಲಿ ಪ್ರಕಟವಾಯಿತು.

ಹಳೆಯ ಪದ್ಧತಿಯ ವರದಿಗಳನ್ನು ನೋಡಿದರೆ ಹೊಗೆಯ ಬೂದಿ ಮಿತಿ ಮೀರಿದ ಕಾರಖಾನೆಗಳು ನೂರಕ್ಕೆ ಕೇವಲ 7. ಅದೇ ಚಿಮಣಿಗಳನ್ನು ಬೇರೆಯವರು ಹೋಗಿ ಮತ್ತೆ ಅಳೆದಾಗ ಮಿತಿ ಮೀರಿದವು ನೂರಕ್ಕೆ 59. ಅಲ್ಲಿಯೂ ಮಿತಿ 150 ಮಿಲಿಗ್ರಾಂ. ವರದಿಗಳಲ್ಲಿ ಅಂಕಿಗಳೆಲ್ಲ ಈ 150 ರ ಕೆಳಗೇ ಬಂದು ಗುಂಪಾಗಿ ಕುಳಿತಿದ್ದವು. ಪರೀಕ್ಷೆಯಲ್ಲಿ ಇಡೀ ವರ್ಗಕ್ಕೆ ವರ್ಗವೇ ಸರಿಯಾಗಿ ಮೂವತ್ತೈದು, ಮೂವತ್ತಾರು ಗುಣ ಪಡೆದು ತೇರ್ಗಡೆಯಾದರೆ ಶಾಲೆಯ ಇನ್‌ಸ್ಪೆಕ್ಟರರು ಏನು ತಿಳಿದಾರು? ಹಾಗೆಯೇ ಇದು.

ಬಳಿಕ ಅರ್ಧದಷ್ಟು ಕಾರಖಾನೆಗಳಲ್ಲಿ ಪದ್ಧತಿಯನ್ನು ಬದಲಿಸಿದರು. ತನಿಖೆಗಾರನನ್ನು ಕಾರಖಾನೆ ಆರಿಸದೆ ಚೀಟಿ ಎತ್ತಿದಂತೆ ಹಂಚಿಕೊಟ್ಟರು. ಅವನ ಹಣವನ್ನು ಒಂದು ಸಾಮಾನ್ಯ ನಿಧಿಯಿಂದ ನಿಗದಿ ದರದಲ್ಲಿ ಕೊಟ್ಟರು. ಅವನು ಅಳೆದುದರಲ್ಲಿ ಕೆಲವನ್ನು ಬೇರೆಯವರಿಂದ ಮತ್ತೆ ಅಳೆಸಿದರು. ಇಷ್ಟರಿಂದಲೇ ಮಿತಿ ಮೀರಿದ ಕಾರಖಾನೆಯನ್ನು ಸರಿಯಿದೆ ಎಂದು ಬರೆಯುವ ಸುಳ್ಳು ನೂರಕ್ಕೆ 80 ರಷ್ಟು ತಗ್ಗಿತು. ಇನ್ನೂ ದೊಡ್ಡ ಮಾತೆಂದರೆ ಕಾರಖಾನೆಗಳ ಹೊಗೆಯೂ ತಗ್ಗಿತು. ಮನುಷ್ಯರು ಅವರೇ, ಯಂತ್ರಗಳು ಅವೇ. ಪಗಾರದ ದಾರಿ ಬದಲಾಯಿತು, ಹಿಂದಿನಿಂದ ಮತ್ತೊಬ್ಬ ಅಳೆಯುತ್ತಾನೆಂಬ ಅರಿವು ಬಂದಿತು.

ಇದು ಬಡ ದೇಶದ ದೋಷವೆಂದು ಯಾರೂ ತಿಳಿಯಬಾರದು. ಜರ್ಮನಿಯ ಹೆಸರಾಂತ ವೋಕ್ಸ್‌ವ್ಯಾಗನ್ ಕಂಪನಿ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಕಡಿಮೆ ತೋರಿಸುವ ಯುಕ್ತಿಯನ್ನು ತನ್ನ ಡೀಝೆಲ್ ಮೋಟಾರುಗಳಲ್ಲಿ ಅಡಗಿಸಿತ್ತು. ಇದು 2015 ರಲ್ಲಿ ಬಯಲಿಗೆ ಬಂದಾಗ ಜಗತ್ತಿನಲ್ಲೆಲ್ಲ ಅಂಥ ಮೋಟಾರುಗಳು ಸುಮಾರು ಒಂದು ಕೋಟಿ ಹತ್ತು ಲಕ್ಷವೆಂದು ಕಂಪನಿಯೇ ಒಪ್ಪಿತು. ಅದು ಗೊತ್ತಾದದ್ದೂ ಕೂಡ ಬೇರೆಯವರು ಮೋಟಾರನ್ನು ರಸ್ತೆಯ ಮೇಲೆ ಓಡಿಸಿ ಎರಡನೆಯ ಸಲ ಅಳೆದುದರಿಂದ.

ನಮ್ಮಲ್ಲಿಯೂ ಕೆಲವು ಹೆಜ್ಜೆಗಳು ಬಿದ್ದಿವೆ. ಮಹಾರಾಷ್ಟ್ರದ ಮಂಡಳಿ 2017 ರ ಜೂನ್ 5 ರಂದು ಕಾರಖಾನೆಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರ ಕೊಡುವ ಕ್ರಮವನ್ನು ಆರಂಭಿಸಿತು. ಚಿಮಣಿಯ ಬೂದಿ ಕಡಿಮೆಯಿದ್ದವರಿಗೆ ಐದು, ಹೆಚ್ಚಿದ್ದವರಿಗೆ ಒಂದು. ಯಾರಿಗೆ ಎಷ್ಟೆಂದು ಜನರೆಲ್ಲ ನೋಡಬಹುದು. ಕೇಂದ್ರ ಸರಕಾರ 2025 ರ ಆಗಸ್ಟಿನಲ್ಲಿ ಪರಿಸರ ಲೆಕ್ಕತನಿಖೆಯ ನಿಯಮಗಳನ್ನು ಪ್ರಕಟಿಸಿದೆ. ಪರೀಕ್ಷೆ ಪಾಸಾಗಿ ನೋಂದಾಯಿಸಿಕೊಂಡ ತನಿಖೆಗಾರರನ್ನು ಕಾರಖಾನೆ ಆರಿಸದೆ ಚೀಟಿಯಂತೆ ಹಂಚಿಕೊಡುವ ಕ್ರಮ ಅದರಲ್ಲಿದೆ. ಗುಜರಾತದ ಪಾಠದ ಒಂದು ಭಾಗ ಪುಸ್ತಕಕ್ಕೆ ಬಂದಿತು. ಅದು ಚಿಮಣಿಯವರೆಗೆ ಏರಬೇಕು. ಇನ್ನು ದಂಡದ ಮಾತು. 2023 ರ ತಿದ್ದುಪಡಿಯಿಂದ ವಾಯು ಕಾಯದೆಯ ಹಲವು ತಪ್ಪುಗಳಿಗೆ ಜೇಲಿನ ಬದಲು ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿಯವರೆಗೆ ದಂಡ ಬಂದಿದೆ. ಜೇಲಿನ ಭಯ ಹೋದಲ್ಲಿ ಅಳತೆಯ ಸತ್ಯವೇ ಉಳಿದ ಬಲ.

ರೈತನ ಕೈಯಲ್ಲಿರುವ ಎರಡನೆಯ ಕಾಟಾ

ಮಂಡಳಿಯ ಅಧಿಕಾರಿ ಎರಡನೆಯ ಕಾಟಾ ಹೌದು. ಕಾಯದೆಯ 26 ನೆಯ ಕಲಮಿನಂತೆ ಅವರು ನೋಟೀಸು ಕೊಟ್ಟು, ಹೊಗೆಯ ಮಾದರಿ ತೆಗೆದು, ಸೀಲು ಹಾಕಿ, ಸಹಿ ಮಾಡಿಸಿ ಪ್ರಯೋಗಶಾಲೆಗೆ ಕಳಿಸಿದರೆ ಅದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಯಾಗುತ್ತದೆ. ಆದರೆ ಅವರೊಬ್ಬರನ್ನೇ ನಂಬಿ ಕುಳಿತುಕೊಳ್ಳಬೇಕಾಗಿಲ್ಲ. ರೈತರ ಕೈಯಲ್ಲಿಯೂ ಕೆಲವು ಸಾಧನಗಳಿವೆ. ಅವನ್ನು ಒಂದೊಂದಾಗಿ ಹೇಳುತ್ತೇವೆ.

ಒಂದು: ಕಾಗದಗಳನ್ನು ಓದುವದು. ಸಮ್ಮತಿಪತ್ರ ಬೇಕಾಗುವ ಪ್ರತಿಯೊಂದು ಕಾರಖಾನೆ ಮಾರ್ಚಿಗೆ ಮುಗಿದ ವರ್ಷದ ಪರಿಸರ ವಿವರಣಪತ್ರವನ್ನು ಸಪ್ಟಂಬರ 30 ರೊಳಗೆ ಮಂಡಳಿಗೆ ಸಲ್ಲಿಸಬೇಕು. 1992 ರಿಂದಲೂ ಈ ನಿಯಮವಿದೆ. ಎಷ್ಟು ನೀರು, ಎಷ್ಟು ಕಚ್ಚಾಮಾಲು ಬಳಸಿತು, ಎಷ್ಟು ಮಾಲಿನ್ಯ ಬಿಟ್ಟಿತು ಎಂದು ಕಾರಖಾನೆ ತಾನೇ ಬರೆದುಕೊಡುವ ಪತ್ರವಿದು. ಪರಿಸರ ಅನುಮತಿ ಪಡೆದ ದೊಡ್ಡ ಕಾರಖಾನೆಗಳು ಇದರ ಹೊರತಾಗಿ ಪ್ರತಿವರ್ಷ ಜೂನ್ 1 ಕ್ಕೆ ಮತ್ತು ಡಿಸೆಂಬರ 1 ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. 2006 ರ ಅಧಿಸೂಚನೆಯಂತೆ ಈ ಅರ್ಧವಾರ್ಷಿಕ ವರದಿಗಳು ಸಾರ್ವಜನಿಕ ಕಾಗದಗಳು. ಅರ್ಜಿ ಹಾಕಿದ ಯಾರಿಗೇ ಆಗಲಿ ನಕಲು ಕೊಡಬೇಕು.

ಎರಡು: ವಿದ್ಯುತ್ ಮೀಟರನ್ನು ಕೇಳುವದು. ಹೊಗೆ ತೊಳೆಯುವ ಸ್ಕ್ರಬ್ಬರಿಗೆ ಪಂಪು ಬೇಕು, ಪಂಪಿಗೆ ವಿದ್ಯುತ್ತು ಬೇಕು. ಮಾಲಿನ್ಯ ತಡೆಯುವ ಯಂತ್ರಗಳಿಗೆ ಪ್ರತ್ಯೇಕ ಮೀಟರು ಇಟ್ಟು ನೋಂದಣಿ ಪುಸ್ತಕ ಬರೆಯಬೇಕೆಂಬ ಷರತ್ತು ಮಹಾರಾಷ್ಟ್ರದ ಸಮ್ಮತಿಪತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಹೊಗೆಯ ಅಂಕಿಯನ್ನು ಹೇಗೂ ಬರೆಯಬಹುದು. ಆದರೆ ಪಂಪು ನಿಂತಿದ್ದ ರಾತ್ರಿ ಮೀಟರು ಓಡಿರುವದಿಲ್ಲ. ಒಕ್ಕಲಿಗನಿಗೆ ತನ್ನ ಬಾವಿಯ ಪಂಪಿನ ಮೀಟರು ಗೊತ್ತಿದ್ದಂತೆ ಇದೂ ಗೊತ್ತಾಗುವಂಥದೇ.

ಮೂರು: ವಾರ್ಷಿಕ ಸಭೆಯಲ್ಲಿ ಕೇಳುವದು. ಸಹಕಾರಿ ಕಾರಖಾನೆಯ ಮಾಲಕರು ಯಾರು? ಶೇರು ತಕ್ಕೊಂಡ ರೈತರೇ. 1950 ರ ಸುಮಾರಿಗೆ ವಿಠ್ಠಲರಾವ ವಿಖೆ ಪಾಟೀಲರೂ ಧನಂಜಯರಾವ ಗಾಡಗೀಳರೂ ಪ್ರವರಾನಗರದಲ್ಲಿ ಸಹಕಾರಿ ಸಕ್ಕರೆ ಕಾರಖಾನೆಯನ್ನು ನಡೆಸಿ ತೋರಿಸಿದಾಗ ಅದರ ತಿರುಳೇ ಇದಾಗಿತ್ತು. ಅಂದಮೇಲೆ ಅಂಥ ಕಾರಖಾನೆ ತನ್ನ ಹೊಗೆಯನ್ನು ತಾನೇ ಅಳೆಯುತ್ತದೆ ಎಂದರೆ ರೈತರೇ ಅಳೆಯುತ್ತಾರೆ ಎಂದು ಅರ್ಥವಾಗಬೇಕು. ಸಹಕಾರಿ ಸಂಘದ ವಾರ್ಷಿಕ ಸಭೆ ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ, ಅಂದರೆ ಸಪ್ಟಂಬರಿನೊಳಗೆ ಆಗಬೇಕು. ಪರಿಸರ ವಿವರಣಪತ್ರದ ಗಡುವೂ ಅದೇ. ಕಬ್ಬಿನ ದರದ ಪ್ರಶ್ನೆಯ ಜೊತೆಗೆ ಒಂದೇ ಒಂದು ಪ್ರಶ್ನೆಯನ್ನು ಮೊದಲೇ ಬರೆದು ಕೊಡಿರಿ: ಈ ಹಂಗಾಮಿನಲ್ಲಿ ಚಿಮಣಿಯನ್ನು ಎಷ್ಟು ಸಲ ಅಳೆಯಲಾಯಿತು, ಯಾರು ಅಳೆದರು, ಅಂಕಿ ಎಷ್ಟು ಬಂದಿತು? ಉತ್ತರ ನಡಾವಳಿಯ ಪುಸ್ತಕದಲ್ಲಿ ಬರೆಯಲ್ಪಡಲಿ. ಕಾರಖಾನೆಯನ್ನು ಖಾಸಗಿಯವರು ನಡೆಸುತ್ತಿದ್ದರೆ ಇದೇ ಪ್ರಶ್ನೆಯನ್ನು ಗ್ರಾಮಸಭೆಯಿಂದ ಠರಾವು ಮಾಡಿ ಕಳಿಸಬಹುದು.

ನಾಲ್ಕು: ನಮ್ಮದೇ ಅಳತೆ. ಶಾಲೆಯ ಮೇಲಿನ ವರ್ಗದ ಹುಡುಗರೂ ಇದನ್ನು ಮಾಡಬಲ್ಲರು. ಬಾಯಿಯ ಅಗಲ 20 ಸೆಂಟಿಮೀಟರು ಇರುವ, ಆಳವಾದ ಎರಡು ಸ್ವಚ್ಛ ಡಬ್ಬಿಗಳನ್ನು ತಕ್ಕೊಳ್ಳಿರಿ. ಒಂದನ್ನು ಕಾರಖಾನೆಯ ಕಡೆಯ ಮಾಳಿಗೆಯ ಮೇಲೆ, ಇನ್ನೊಂದನ್ನು ದೂರದ ಊರಿನ ಮಾಳಿಗೆಯ ಮೇಲೆ, ಗಿಡಮರಗಳಿಂದ ಸರಿದು, ರಸ್ತೆಯ ಧೂಳು ತಾಗದಂತೆ ಇಡಿರಿ. ಬಿದ್ದ ಧೂಳು ಮತ್ತೆ ಹಾರದಂತೆ ತಳದಲ್ಲಿ ಸ್ವಲ್ಪ ಸೋಸಿ ಕಾಯಿಸಿ ಆರಿಸಿದ ನೀರಿರಲಿ. ಆರಿದಂತೆ ಅದೇ ನೀರನ್ನು ಹಾಕುತ್ತಿರಿ. ಎರಡರಲ್ಲಿಯೂ ನೀರು ಸಮನಾಗಿರಲಿ. ಮೂವತ್ತು ದಿನಗಳಾದ ಮೇಲೆ ಎಲೆ, ಹುಳ ತೆಗೆದುಹಾಕಿ, ನೀರು ಆರಿಸಿ, ಉಳಿದ ಧೂಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿರಿ. ಗ್ರಾಮುಗಳನ್ನು 32 ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ತಿಂಗಳಲ್ಲಿ ಬಿದ್ದ ಧೂಳು ಸುಮಾರಾಗಿ ಸಿಗುತ್ತದೆ. ಕಾಲು ಗ್ರಾಂ ಬಿದ್ದಿದ್ದರೆ ಚದರ ಮೀಟರಿಗೆ 8 ಗ್ರಾಂ. ಹಂಗಾಮು ಆರಂಭವಾಗುವ ಮೊದಲಿನ ಒಂದು ತಿಂಗಳು, ಹಂಗಾಮಿನ ಎರಡು ತಿಂಗಳು ಹೀಗೆ ಮಾಡಿ, ಗಾಳಿ ಯಾವ ದಿಕ್ಕಿನಿಂದ ಬೀಸಿತೆಂದು ದಿನವೂ ಬರೆದಿಡಿರಿ. ಕರಿಯ ಹೊಗೆ ಕಂಡಾಗ ತಾರೀಖು, ವೇಳೆ ಬರೆದು ಫೋಟೋ ತೆಗೆದಿಡಿರಿ. ಇದು ಕೋರ್ಟಿನ ಸಾಕ್ಷಿಯಲ್ಲ. ಆದರೆ ಸಾಂಗಲಿಯ ಕಚೇರಿಗೆ ಕೊಡುವ ತಕರಾರು ಅರ್ಜಿಗೆ ಇದನ್ನು ಜೋಡಿಸಿದರೆ ಅದು ಬರಿಯ ಗೊಣಗಾಟವಾಗಿ ಉಳಿಯುವದಿಲ್ಲ. ಆ ವೇಳೆಯಲ್ಲಿ ಕಾರಖಾನೆಯ ಯಂತ್ರ ಯಾವ ಅಂಕಿ ತೋರಿಸಿತ್ತೆಂದು ತಾಳೆ ನೋಡಲು ಅಧಿಕಾರಿಗಳಿಗೂ ಹಾದಿಯಾಗುತ್ತದೆ.

ಭಾಷೆಯ ತೊಡಕು

ಗಡಿಯಾಚೆಯ ಕನ್ನಡಿಗರಿಗೆ ಇಲ್ಲಿ ಒಂದು ತೊಡಕಿದೆ. ಕಾರಖಾನೆಗಳ ಕಾಗದಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ, ಕಚೇರಿಯ ವ್ಯವಹಾರ ಮರಾಠಿಯಲ್ಲಿ ನಡೆಯುತ್ತದೆ. ಜತ್ತ ತಾಲೂಕಿನ ಅಥವಾ ಅಕ್ಕಲಕೋಟೆಯ ಕಡೆಯ ಎಷ್ಟೋ ಹಿರಿಯರಿಗೆ ಎರಡೂ ದೂರ. 2005 ರ ಮಾಹಿತಿ ಹಕ್ಕಿನ ಕಾಯದೆಯಂತೆ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬೇಕು. ಆದುದರಿಂದ ಮಹಾರಾಷ್ಟ್ರದಲ್ಲಿ ಅರ್ಜಿ ಮರಾಠಿಯಲ್ಲಿರಲಿ. ಹತ್ತು ರೂಪಾಯಿ ಶುಲ್ಕ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಬರೆಯಲು ಬಾರದವರು ಬಾಯಿಂದ ಹೇಳಿದ್ದನ್ನು ಬರೆದುಕೊಳ್ಳಲು ಮಾಹಿತಿ ಅಧಿಕಾರಿ ನೆರವಾಗಬೇಕೆಂದು ಕಾಯದೆಯಲ್ಲಿಯೇ ಇದೆ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಅರ್ಜಿ ಹೋಗಬೇಕಾದದ್ದು ಕಾರಖಾನೆಗಲ್ಲ, ಮಂಡಳಿಯ ಕಚೇರಿಗೆ.

ಹೊಸ ಕಾರಖಾನೆ ಬರುವಾಗ ಅಥವಾ ಹಳೆಯದು ಬೆಳೆಯುವಾಗ ಸಾರ್ವಜನಿಕ ಅಹವಾಲು ಸಭೆ ಕರೆಯುವದುಂಟು. ಮೂವತ್ತು ದಿನ ಮೊದಲು ಅದರ ನೋಟೀಸು ಬರಬೇಕು. ಆ ಸಭೆಯಲ್ಲಿ ಯೋಜನೆಯ ಸಾರಾಂಶವನ್ನು ಮೊದಲೇ ಓದಿಕೊಂಡು ಹೋದ ಒಬ್ಬ ರೈತ, ಓದದೆ ಹೋಗಿ ಕೂಗಿ ಬರುವ ನೂರು ಜನಕ್ಕಿಂತ ಹೆಚ್ಚು ಕೆಲಸ ಮಾಡುತ್ತಾನೆ. ಮನೆಯಲ್ಲಿ ಮರಾಠಿ, ಇಂಗ್ಲಿಷು ಕಲಿತ ಮಕ್ಕಳಿದ್ದಾರೆ. ಅವರನ್ನು ಕೂಡಿಸಿಕೊಂಡು ಕಾಗದವನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿರಿ. ಮಕ್ಕಳ ಕಲಿಕೆಯೂ ಆಯಿತು, ಊರ ಕೆಲಸವೂ ಆಯಿತು.

ನಮ್ಮ ಹೊಗೆಯೂ ಲೆಕ್ಕಕ್ಕೆ ಬರಲಿ

ಅನ್ಯರ ಹೊಗೆಯನ್ನು ಅಳೆಯುವಾಗ ಹೊಲದ ಹೊಗೆಯನ್ನು ಮರೆಯಬಾರದು. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಾಕುವದು ಈ ಸೀಮೆಯಲ್ಲಿ ಇನ್ನೂ ನಿಂತಿಲ್ಲ. ರವದಿಯ ಹೊಗೆಗೆ ಚಿಮಣಿಯಿಲ್ಲ, ಸ್ಕ್ರಬ್ಬರಿಲ್ಲ, ಅಂಕಿಯೂ ಇಲ್ಲ. ಅದೇ ರವದಿಯನ್ನು ಸಾಲಿನ ನಡುವೆ ಹರವಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಕೊಳೆತ ಮೇಲೆ ಮಣ್ಣಿಗೆ ಸಾರವಾಗುತ್ತದೆ. ರವದಿ ಸುಡದ ಊರು ಕಾರಖಾನೆಯನ್ನು ಪ್ರಶ್ನಿಸಲು ನಿಂತರೆ ಅದರ ಮಾತಿಗೆ ತೂಕ ಹೆಚ್ಚು.

ಕಾರಖಾನೆ ನಮಗೆ ಬೇಕು. ಅದು ನಿಂತರೆ ಕಬ್ಬು ಹೊಲದಲ್ಲಿಯೇ ಒಣಗುತ್ತದೆ. ಗಾಳಿಯೂ ಬೇಕು, ಅದು ಕೆಟ್ಟರೆ ಅರಿಷಿಣ, ದ್ರಾಕ್ಷಿ, ಮಕ್ಕಳ ಎದೆ ಮೂರೂ ಕೆಡುತ್ತವೆ. ಎರಡನ್ನೂ ಉಳಿಸುವ ದಾರಿ ಸರಿಯಾದ ಅಳತೆಯೊಂದೇ. ಕಾರಖಾನೆ ತನ್ನ ಹೊಗೆಯನ್ನು ತಾನೇ ಅಳೆಯಲಿ, ಬೇಡವೆನ್ನುವವರಾರು? ಆ ಅಂಕಿಯ ಪಕ್ಕದಲ್ಲಿ ಮಂಡಳಿಯ ಅಂಕಿ ಒಂದು, ಊರವರ ಅಂಕಿ ಒಂದು ನಿಲ್ಲಲಿ. ಮೂರೂ ಹೊಂದಿಕೊಂಡ ದಿನ ಯಾರಿಗೂ ಯಾರ ಮೇಲೂ ಸಂಶಯವಿರದು. ಬರುವ ಹಂಗಾಮಿನ ಬಾಯ್ಲರು ಹೊತ್ತಿಸುವ ಮೊದಲೇ ಮಾಳಿಗೆಯ ಮೇಲೆ ಆ ಡಬ್ಬಿ ಕುಳಿತಿರಲಿ.